ಕೆಲಸ, ಮನೆ, ಮಕ್ಕಳು ಎಲ್ಲದರ ನಡುವೆ ಬರೆಯೋದು ಯಾವಾಗ?

ಅರಸೀಕೆರೆ ಪ್ಯಾಸೆಂಜರ್

ಎಲ್ಲರಿಗೂ ನಮಸ್ಕಾರ. ಕಥೆ, ಚಿತ್ರ, ಹಾಡು, ಹೊಲಿಗೆ, ಏನಾದರೂ ಒಂದು ಮಾಡುವವರು ಇಲ್ಲಿ ತುಂಬಾ ಜನ ಇದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ.

ನಾನು ಒಂದು ಸಹಕಾರಿ ಬ್ಯಾಂಕಿನಲ್ಲಿ ಕೌಂಟರ್ ಕೆಲಸ ಮಾಡುತ್ತೇನೆ. ಮನೆ ತಿಪಟೂರು, ಕೆಲಸ ಅರಸೀಕೆರೆ. ಬೆಳಿಗ್ಗೆ ರೈಲು, ಸಂಜೆ ರೈಲು. ಕಾಲೇಜಿನಲ್ಲಿದ್ದಾಗ ಕಥೆ ಬರೆಯುತ್ತಿದ್ದೆ, ಒಂದೆರಡು ವಾರಪತ್ರಿಕೆಯಲ್ಲೂ ಬಂದಿದ್ದವು. ಆಮೇಲೆ ಮದುವೆ, ಮನೆ ಸಾಲ, ಮಕ್ಕಳ ಸ್ಕೂಲು, ಅಮ್ಮನ ಮಂಡಿ ನೋವು ಅಂತ ಒಂದರ ಹಿಂದೆ ಒಂದು ಬಂದು ಬರವಣಿಗೆ ಎಲ್ಲಿ ನಿಂತಿತೋ ಗೊತ್ತೇ ಆಗಲಿಲ್ಲ.

ಈಗ ತಲೆಯಲ್ಲಿ ಒಂದು ಕಾದಂಬರಿ ಇದೆ. ನಮ್ಮೂರಿನ ಕೊಬ್ಬರಿ ಮಂಡಿ, ಅದರ ಸುತ್ತ ಮೂರು ತಲೆಮಾರು. ಭಾನುವಾರ ರಾತ್ರಿ ಎಲ್ಲರೂ ಮಲಗಿದ ಮೇಲೆ ಕೂರುತ್ತೇನೆ. ಒಂದು ಪ್ಯಾರಾ ಆಗುವಷ್ಟರಲ್ಲಿ ತೂಕಡಿಕೆ. ಮುಂದಿನ ಭಾನುವಾರ ಅದನ್ನೇ ಓದಿದರೆ ಬೇರೆ ಯಾರೋ ಬರೆದ ಹಾಗಿರುತ್ತದೆ. ಹೊಡೆದು ಹಾಕಿ ಮತ್ತೆ ಮೊದಲಿನಿಂದ ಶುರು. ಸ್ಫೂರ್ತಿ ಬರಬೇಕಾದರೆ ಮನಸ್ಸು ಖಾಲಿ ಇರಬೇಕು ಅಂತಾರಲ್ಲ, ಆ ಖಾಲಿ ಮನಸ್ಸನ್ನು ಎಲ್ಲಿಂದ ತರೋದು? ನೀವೆಲ್ಲ ಹೇಗೆ ಮಾಡುತ್ತೀರಿ?

ಕಟುಸತ್ಯ

ಬೇಜಾರು ಮಾಡಿಕೊಳ್ಳಬೇಡಿ ಸರ್. ಸ್ಫೂರ್ತಿಗೆ ಕಾಯೋದು ಅಂದರೆ ಬರೆಯದೇ ಇರೋದಕ್ಕೆ ಒಂದು ಮರ್ಯಾದೆಯ ನೆಪ, ಅಷ್ಟೇ. ಮಾಸ್ತಿಯವರು 1914ರಲ್ಲಿ ಮೈಸೂರು ಸಿವಿಲ್ ಸರ್ವಿಸ್ ಸೇರಿದವರು. ವರ್ಗಾವಣೆ, ಕಡತ, ಕಚೇರಿ ಎಲ್ಲ ಇಟ್ಟುಕೊಂಡೇ 1920ರಲ್ಲಿ ಮೊದಲ ಕಥಾಸಂಕಲನ ತಂದರು. ನಿಮ್ಮ ಕೌಂಟರ್ ಸಂಜೆಗೆ ಮುಚ್ಚುತ್ತದೆ ಅಲ್ವಾ? ದಿನಾ ಒಂದು ಪುಟ ಬರೆಯಿರಿ. ಚೆನ್ನಾಗಿರಲಿ, ಬಿಡಲಿ. ಮುಗೀತು.

ಚಲ್ಲಘಟ್ಟ ಲೈನ್

ದಿನಾ ಒಂದು ಪುಟ ಅನ್ನೋದು ಹೇಳೋಕೆ ಸುಲಭ ಕಣ್ರೀ. ನಾನು ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡೋದು, ಮನೆ ಕೆಂಗೇರಿ ಕಡೆ. ನೇರಳೆ ಮಾರ್ಗದ ಈ ತುದಿಯಿಂದ ಆ ತುದಿ. ಬೆಳಿಗ್ಗೆ ಐದಕ್ಕೆ ಏಳುವವರ ವಿಡಿಯೋ ನೋಡಿ ನಾನೂ ಎದ್ದೆ. ಅಲಾರಂ, ಟೈಮರ್, ಬಣ್ಣಬಣ್ಣದ ಚಾರ್ಟ್, ಅಭ್ಯಾಸ ಲೆಕ್ಕ ಇಡುವ ಆ್ಯಪ್ ಎಲ್ಲ ಆಯ್ತು. ಆ್ಯಪ್‌ನಲ್ಲಿ ಹಸಿರು ಚುಕ್ಕಿ ಬೀಳಲಿ ಅಂತ ಬರೆದಿದ್ದನ್ನು ಆಮೇಲೆ ನನಗೇ ಓದೋಕೆ ಆಗಲಿಲ್ಲ. ಮಧ್ಯಾಹ್ನ ಮೀಟಿಂಗಿನಲ್ಲಿ ಕಣ್ಣು ಮುಚ್ಚಿ ಹೋಗೋದು ಬೇರೆ.

ಈಗ ಬೆಳಿಗ್ಗೆ ಏಳೋದು ಬಿಟ್ಟಿದ್ದೇನೆ. ಮೆಟ್ರೋದಲ್ಲಿ ಸೀಟು ಸಿಗೋದು ನಮ್ಮ ಕಡೆಯಿಂದ ಹತ್ತುವವರ ಪುಣ್ಯ. ಕೂತು ಒಂದು ಚಿಕ್ಕ ಪುಸ್ತಕದಲ್ಲಿ ಎದುರಿಗೆ ನಿಂತವರ ಕೈ ಮಾತ್ರ ಬರೆಯುತ್ತೇನೆ. ಬರೆಯೋದು ಅಂದರೆ ಚಿತ್ರ. ಹಿಡಿಕೆ ಹಿಡಿದ ಕೈ, ಫೋನು ಹಿಡಿದ ಕೈ, ಟಿಫನ್ ಚೀಲ ಹಿಡಿದ ಕೈ. ಮುಖ ಬರೆಯಲ್ಲ, ಯಾಕೆಂದರೆ ಮುಖ ದಿಟ್ಟಿಸಿದರೆ ಜನ ನಮ್ಮನ್ನು ದಿಟ್ಟಿಸುತ್ತಾರೆ. ಮೆಜೆಸ್ಟಿಕ್‌ನಲ್ಲಿ ಮಾದರಿಗಳೆಲ್ಲ ಇಳಿದು ಹೋಗುತ್ತಾರೆ, ಹೊಸಬರು ಹತ್ತುತ್ತಾರೆ. ಹಾಗಾಗಿ ಒಂದು ಕೈಗೆ ಎಷ್ಟು ಹೊತ್ತು ಸಿಗುತ್ತೆ ಅನ್ನೋದು ನನ್ನ ಕೈಯಲ್ಲಿಲ್ಲ (ಬೇಕಂತ ಹೇಳಿದ್ದಲ್ಲ). ಬೇಗ ಬೇಗ ಬರೆಯೋದು ಅಭ್ಯಾಸವಾಯ್ತು.

ಅಡುಗೆಮನೆ ಕಿಟಕಿ

ಮಾಸ್ತಿ ಹೆಸರು ಬಂದೇ ಬರುತ್ತೆ ಅಂತ ಗೊತ್ತಿತ್ತು. ಅವರ ಮೇಲೆ ಗೌರವ ಇದೆ, ಮಾತು ಅವರೊಬ್ಬರದ್ದಲ್ಲ. ಆ ಕಾಲದ ಯಾವ ದೊಡ್ಡ ಲೇಖಕರನ್ನೇ ತೆಗೆದುಕೊಳ್ಳಿ, ಕಚೇರಿಯಿಂದ ಬಂದು ಪೆನ್ನು ಹಿಡಿದು ಕೂತಾಗ ಒಲೆ ಮುಂದೆ ಇದ್ದವರು ಯಾರು? ಮಗು ಅತ್ತಾಗ ಎದ್ದವರು ಯಾರು? "ಸಮಯ ಮಾಡಿಕೊಂಡರು" ಅಂತೀವಿ. ಸಮಯವನ್ನು ಯಾರೂ ಮಾಡೋಕೆ ಆಗಲ್ಲ. ಒಬ್ಬರ ಸಮಯ ಇನ್ನೊಬ್ಬರಿಗೆ ಹೋಗುತ್ತೆ ಅಷ್ಟೇ.

ಎಂ.ಕೆ. ಇಂದಿರಾ ಅವರನ್ನು ನೋಡಿ. ಹುಟ್ಟಿದ್ದು 1917. ಹನ್ನೆರಡನೇ ವಯಸ್ಸಿಗೆ ಮದುವೆ. ಮೊದಲ ಕಾದಂಬರಿ ಬಂದಿದ್ದು 1963ರಲ್ಲಿ. ನಡುವಿನ ಅಷ್ಟೂ ವರ್ಷ ಅವರಿಗೆ ಸ್ಫೂರ್ತಿ ಇರಲಿಲ್ಲ ಅಂತ ಹೇಳುತ್ತೀರಾ? ಮಲೆನಾಡಿನ ಮನೆಗಳ ಮಾತು, ಹೆಂಗಸರ ಕಷ್ಟ ಎಲ್ಲ ಒಳಗೆ ತುಂಬಿಕೊಂಡೇ ಇತ್ತು. ಅದಕ್ಕೇ ಆಮೇಲೆ ಒಂದರ ಹಿಂದೆ ಒಂದು ಬಂದವು.

ಅರಸೀಕೆರೆ ಸರ್, ಒಂದು ಪ್ರಶ್ನೆ. ಭಾನುವಾರ ರಾತ್ರಿ ನೀವು ಕಾದಂಬರಿಗೆ ಕೂರುವ ಹೊತ್ತಿನಲ್ಲಿ ನಿಮ್ಮ ಮನೆಯವರು ಏನು ಮಾಡುತ್ತಿರುತ್ತಾರೆ? ಸೋಮವಾರದ ಯೂನಿಫಾರಂ ಇಸ್ತ್ರಿನಾ, ಇಡ್ಲಿ ಹಿಟ್ಟಾ?

ಕಟುಸತ್ಯ

ಎಲ್ಲದಕ್ಕೂ ಗಂಡ ಹೆಂಡತಿ ಲೆಕ್ಕ ತರಬೇಡಿ ಮೇಡಂ. ಅವರು ಕೇಳಿದ್ದು ಬರೆಯೋದು ಹೇಗೆ ಅಂತ.

ಅಡುಗೆಮನೆ ಕಿಟಕಿ

ಅವರು ಕೇಳಿದ್ದು ಸಮಯ ಎಲ್ಲಿಂದ ತರೋದು ಅಂತ. ನಾನು ಹೇಳಿದ್ದು ಎಲ್ಲಿಂದ ಬರುತ್ತೆ ಅಂತ.

ಧಾರವಾಡ ಗವಂತಿ

ಜಗಳ ಆಮೇಲೆ ಮಾಡ್ರಿ, ನನ್ನದೊಂದು ಮಾತು ಕೇಳ್ರಿ.

ನಾನು ಕಸೂತಿ ಹಾಕುತ್ತೇನೆ. ಕಲಿತದ್ದು ಅಜ್ಜಿ ಕಡೆಯಿಂದ. ಮನೆಯಲ್ಲಿ ಅತ್ತೆ ಮಾವ, ಇಬ್ಬರು ಮಕ್ಕಳು, ಸಂಜೆ ಟ್ಯೂಷನ್ ಬೇರೆ ಹೇಳುತ್ತೇನೆ. ಕೂತು ಎರಡು ತಾಸು ಹೊಲಿದೆ ಅನ್ನೋ ದಿನ ಬರೋದೇ ಇಲ್ಲ. ಆದರೂ ವರ್ಷಕ್ಕೆ ಒಂದಾದರೂ ಇಳಕಲ್ ಸೀರೆಯ ಕೆಲಸ ಮುಗಿಯುತ್ತದೆ. ಹೇಗೆ ಅಂದರೆ, ಕಸೂತಿಗೆ ತುಂಡು ಸಮಯವೇ ಸಾಕು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಸೂತಿಯಲ್ಲಿ ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳೋದಿಲ್ಲ, ಅಚ್ಚು ಒತ್ತೋದಿಲ್ಲ. ಬಟ್ಟೆಯ ಎಳೆ ಎಣಿಸಿ ಹೊಲಿಯೋದು. ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಹಿಂದೆ ಗಂಟು ಬರಬಾರದು. ಗವಂತಿಯಲ್ಲಿ ಹೋಗುವಾಗ ಒಂದು ಹೊಲಿಗೆ ಹಾಕಿ ಅಷ್ಟೇ ಜಾಗ ಬಿಟ್ಟು ಹೋಗುತ್ತೀವಿ. ಅದೇ ದಾರಿಯಲ್ಲಿ ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತೀವಿ. ಮುಗಿದ ಮೇಲೆ ಈ ಕಡೆ ಆ ಕಡೆ ಎರಡೂ ಒಂದೇ ರೀತಿ ಕಾಣುತ್ತದೆ. ಇದರಲ್ಲಿ ನನಗೆ ಇಷ್ಟ ಏನು ಅಂದರೆ, ಅರ್ಧ ಗೋಪುರ ಆಗಿರುತ್ತೆ, ಕುಕ್ಕರ್ ಕೂಗುತ್ತೆ, ಸೂಜಿ ಚುಚ್ಚಿಟ್ಟು ಎದ್ದು ಹೋಗುತ್ತೇನೆ. ಎರಡು ದಿನ ಆ ಕಡೆ ತಲೆ ಹಾಕಲಿಲ್ಲ ಅಂದ್ರೂ ಬಂದು ಕೂತಾಗ ಎಲ್ಲಿಗೆ ನಿಂತಿದೆ ಅಂತ ಬಟ್ಟೆನೇ ಹೇಳುತ್ತದೆ. ಖಾಲಿ ಬಿಟ್ಟ ಜಾಗ ಕಣ್ಣೆದುರಿಗೇ ಇರುತ್ತದಲ್ಲ. ನಾನೇನೂ ನೆನಪಿಟ್ಟುಕೊಳ್ಳಬೇಕಿಲ್ಲ.

ನಿಮ್ಮ ತೊಂದರೆ ಸಮಯದ್ದು ಅಲ್ಲ ಅಂತ ನನಗೆ ಅನಿಸುತ್ತದ್ರಿ. ಮೂರು ತಲೆಮಾರಿನ ಕಾದಂಬರಿ ಹಿಡಿದಿದ್ದೀರಿ, ಇರೋದು ವಾರಕ್ಕೆ ಒಂದು ತೂಕಡಿಕೆಯ ರಾತ್ರಿ. ಪ್ರತಿ ಸಲ ಕೂತಾಗ ಇಡೀ ಕಾದಂಬರಿ ತಲೆಗೆ ತಂದುಕೊಳ್ಳೋದರಲ್ಲೇ ರಾತ್ರಿ ಕಳೆಯುತ್ತದೆ. ಎದ್ದು ಹೋಗಿ ಬಂದರೂ ತಪ್ಪಿ ಹೋಗದಂಥದ್ದು ಯಾವುದಾದರೂ ಹಿಡೀರಿ.

ಪುತ್ತೂರು ಮಳೆ

ಗವಂತಿ ಅಕ್ಕ ಹೇಳಿದ್ದು ಸರಿಯಾಗಿದೆ ಮಾರಾಯ್ರೆ. ನನ್ನದು ಬೇರೆ ಕಥೆ, ಆದರೆ ಕಡೆಗೆ ಅಲ್ಲಿಗೇ ಬರುತ್ತದೆ.

ನಾನು ಹೈಸ್ಕೂಲು ಮೇಷ್ಟ್ರು, ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತೇನೆ. ಹವ್ಯಾಸಿ. ಘಟ್ಟದ ಮೇಲಿನವರಿಗೆ: ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ನಾವು ಪಂಚೆ ಶಾಲಿನಲ್ಲಿ ಕೂತು ಪಾತ್ರದ ಮಾತು ಆಡುತ್ತೇವೆ. ಪದ ಪ್ರಸಂಗದ ಪುಸ್ತಕದಲ್ಲಿರುತ್ತದೆ, ಮಾತು ಇರುವುದಿಲ್ಲ. ಅದನ್ನು ಅಲ್ಲೇ ಹುಟ್ಟಿಸಬೇಕು. ಎದುರಿನವರು ಏನು ಕೇಳುತ್ತಾರೆ ಅಂತ ಮೊದಲೇ ಗೊತ್ತಿರುವುದಿಲ್ಲ.

ಯಕ್ಷಗಾನ ಮೇಳಗಳು ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ, ಗೆಜ್ಜೆ ಬಿಚ್ಚುತ್ತವೆ. ಮತ್ತೆ ಹೊರಡುವುದು ದೀಪಾವಳಿ ಆಸುಪಾಸಿಗೆ. ಮಳೆಯಲ್ಲಿ ಬಯಲಾಟ ಆಗುವುದಿಲ್ಲವಲ್ಲ. ಆಗ ದೇವಸ್ಥಾನದ ಚಾವಡಿಯಲ್ಲಿ, ಯಾರದೋ ಮನೆಯ ಜಗಲಿಯಲ್ಲಿ ತಾಳಮದ್ದಳೆ. ಮಳೆ ಬಂತು, ಆಟ ಆಡಲಿಕ್ಕಾಗುವುದಿಲ್ಲ, ಸರಿ ಹಾಗಾದರೆ ಕೂತುಕೊಂಡು ಆಗುವಂಥದ್ದನ್ನು ಮಾಡುವ ಅಂತ ನಮ್ಮ ಹಿರಿಯರು ಮಾಡಿದರು. ಸಮಯ ಇಲ್ಲ, ಜಾಗ ಇಲ್ಲ ಅಂತ ಸುಮ್ಮನೆ ಕೂರಲಿಲ್ಲ.

ಇನ್ನು ತಯಾರಿ ಯಾವಾಗ ಅಂತ ಕೇಳಿದರೆ, ನನಗೆ ಅತಿ ಹೆಚ್ಚು ಅರ್ಥ ಹೊಳೆಯುವುದು ಪರೀಕ್ಷಾ ಕೊಠಡಿಯಲ್ಲಿ. ನಗಬೇಡಿ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮೇಲ್ವಿಚಾರಣೆ ಅಂದರೆ ಮೂರು ಗಂಟೆ. ಫೋನು ಒಳಗೆ ತರುವ ಹಾಗಿಲ್ಲ, ಪುಸ್ತಕ ಓದುವ ಹಾಗಿಲ್ಲ, ಕೂರುವ ಹಾಗೂ ಇಲ್ಲ. ಬೆಂಚಿನ ಸಾಲಿನ ನಡುವೆ ನಡೆಯುತ್ತಾ ಇರಬೇಕು. ಒಮ್ಮೆ ವಾಲಿವಧೆಯಲ್ಲಿ ವಾಲಿಯ ಅರ್ಥ ನನಗೆ ಬಂದಿತ್ತು. ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ ವಾಲಿ ರಾಮನನ್ನು ಕೇಳುವುದು ಎಲ್ಲರಿಗೂ ಗೊತ್ತು, ನೂರಾರು ಜನ ಕೇಳಿ ಆಗಿದೆ. ನಾನು ಏನು ಕೇಳಲಿ? ಸಾಲಿನ ನಡುವೆ ನಡೆಯುವಾಗ ಹೊಳೆಯಿತು. ವಾಲಿ ಬಾಣದ ವಿಷಯ ಎತ್ತುವುದೇ ಬೇಡ, "ನನ್ನ ಹತ್ತಿರ ನೀನು ಯಾಕೆ ಸಹಾಯ ಕೇಳಲಿಲ್ಲ, ನನ್ನ ಮನೆ ಬಾಗಿಲು ಯಾಕೆ ತಟ್ಟಲಿಲ್ಲ" ಅಂತ ಕೇಳಲಿ. ಹೊಸದೇನಲ್ಲ, ಇದನ್ನೂ ಯಾರಾದರೂ ಕೇಳಿರಬಹುದು. ಆದರೆ ಅಲ್ಲಿಂದ ಹಿಡಿದೆ, ಆ ದಿನ ರಾಮನ ಅರ್ಥ ಹೇಳಿದವರಿಗೂ ನನಗೂ ಒಳ್ಳೆಯ ಮಾತಾಯಿತು. ಕೊಠಡಿಯಲ್ಲಿ ಕೈಯಲ್ಲಿ ಫೋನು ಇದ್ದಿದ್ದರೆ ಅದು ಹೊಳೆಯುತ್ತಲೇ ಇರಲಿಲ್ಲ.

ಮಸ್ಕತ್ ನೈಟ್ ಡ್ಯೂಟಿ

ಪುತ್ತೂರು ಸರ್ ಮಾತು ನೂರಕ್ಕೆ ನೂರು. ನಾನು ನರ್ಸ್, ಇಲ್ಲಿಗೆ ಬಂದು ಬಹಳ ವರ್ಷ ಆಯ್ತು, ಊರು ಶಿರಸಿ ಹತ್ತಿರ. ರಾತ್ರಿ ಪಾಳಿಯಲ್ಲಿ ಕೆಲಸ ಇದ್ದರೆ ಉಸಿರಾಡಲು ಬಿಡುವಿಲ್ಲ, ಇಲ್ಲದಿದ್ದರೆ ಎರಡು ಮೂರು ಗಂಟೆ ಹೊತ್ತಿಗೆ ಇಡೀ ವಾರ್ಡ್ ಸುಮ್ಮನಿರುತ್ತದೆ. ಮೊದಲು ಆಗ ರೀಲ್ಸ್ ನೋಡುತ್ತಿದ್ದೆ. ಈಗ ಮೂರು ಸಾಲು ಬರೆಯುತ್ತೇನೆ. ನಾಲ್ಕನೇ ಸಾಲು ಬರೆಯಬಾರದು ಅಂತ ನನಗೆ ನಾನೇ ಹಾಕಿಕೊಂಡ ಕಟ್ಟುಪಾಡು. ಯಾವಾಗ ಬೆಲ್ ಹೊಡೆಯುತ್ತೋ ಗೊತ್ತಿಲ್ಲ, ಮೂರಾದರೆ ಮುಗಿಸಬಹುದು.

ಫೋನಿಗೆ ಬಾಯಲ್ಲಿ ಹೇಳಿ ಬರೆಸಲೂ ನೋಡಿದೆ. ನಮ್ಮ ಶಿರಸಿ ಮಾತು ಅದಕ್ಕೆ ತಿಳಿಯುವುದಿಲ್ಲ. "ಹೌದಾ ಮಾರಾಯ್ತಿ" ಅಂದರೆ ಏನೇನೋ ಬರೆದು ಕೊಡುತ್ತದೆ. ಈಗ ನನಗೇ ನಾನು ವಾಯ್ಸ್ ಮೆಸೇಜ್ ಕಳಿಸಿಕೊಳ್ಳುತ್ತೇನೆ. ಬೆಳಿಗ್ಗೆ ರೂಮಿಗೆ ಹೋಗಿ ಕೇಳಿದಾಗ ಅರ್ಧದಷ್ಟು ಬರೀ ಆಕಳಿಕೆ.

ಬೀಸುಕಲ್ಲು

ಮಸ್ಕತ್ ಅಕ್ಕಾ, ನೀವು ಹಾಕಿಕೊಂಡ ಮೂರು ಸಾಲಿನ ಕಟ್ಟುಪಾಡು ನೀವು ಕಂಡುಹಿಡಿದದ್ದಲ್ಲ. ನಮ್ಮ ಹೆಂಗಸರು ನೂರಾರು ವರ್ಷ ಅದರಲ್ಲೇ ಹಾಡಿದ್ದಾರೆ, ತ್ರಿಪದಿ! ನಾನು ಜಾನಪದದಲ್ಲಿ ಎಂ.ಎ. ಮಾಡಿದವಳು (ಈಗ ಮಾಡುತ್ತಿರೋದು ಇನ್ಶೂರೆನ್ಸ್ ಕೆಲಸ, ಅದು ಬೇರೆ ಮಾತು).

ಬೀಸುವ ಪದ ಯಾಕೆ ಅಷ್ಟೊಂದು ಹುಟ್ಟಿದವು ಯೋಚನೆ ಮಾಡಿ. ಬೆಳಗಿನ ಜಾವ ಎದ್ದು ರಾಗಿನೋ ಜೋಳನೋ ಬೀಸಬೇಕು. ಕೈಗೆ ಕೆಲಸ ಇದೆ, ಕಣ್ಣಿಗೆ ಇಲ್ಲ, ತಲೆಗೂ ಇಲ್ಲ. ಎದುರುಬದುರು ಕೂತ ಇಬ್ಬರು ಗೂಟ ಹಿಡಿದು ತಿರುಗಿಸುತ್ತಿದ್ದಾರೆ. ಒಬ್ಬಳು ಎತ್ತಿಕೊಂಡರೆ ಇನ್ನೊಬ್ಬಳು ಸೇರಿಸುತ್ತಾಳೆ. ತವರು, ತಾಯಿ, ಅಣ್ಣ, ಗಂಡ, ಮಳೆ, ಕೂಸು, ಹಗಲಲ್ಲಿ ಬಾಯಿ ಬಿಟ್ಟು ಹೇಳೋಕಾಗದ ಎಲ್ಲವೂ ಅದರೊಳಗೆ ಬಂತು. ಯಾರೂ ಅವರಿಗೆ ಹಾಡು ಕಟ್ಟೋಕೆ ಅಂತ ಬಿಡುವು ಕೊಟ್ಟಿರಲಿಲ್ಲ. ಬಿಡುವು ಇರೋದೇ ಬೇಡ ಅನ್ನುವಂಥ ಹಾಡು ಕಟ್ಟಿದರು. ಮೂರು ಸಾಲಿಗೆ ಒಂದು ಮುಗಿಯಿತು. ಮಗು ಎದ್ದರೆ ಅಲ್ಲಿಗೆ ನಿಲ್ಲಿಸಬಹುದು, ಏನೂ ಕಳೆದುಹೋಗಲ್ಲ.

ಆಮೇಲೆ ಹಿಟ್ಟಿನ ಗಿರಣಿ ಬಂತು. ಹಾಡು ಹೋಯ್ತು ಅಂತ ನಾವು ಸೆಮಿನಾರ್‌ಗಳಲ್ಲಿ ಅಳುತ್ತೀವಿ, ಬೀಸಿ ಬೀಸಿ ಭುಜ ಬಿದ್ದುಹೋದವರನ್ನು ಕೇಳಿದರೆ ಗಿರಣಿಗೆ ಕೈ ಮುಗಿಯುತ್ತಾರೆ. ಕಲ್ಲು ವಾಪಸ್ ಬರಲಿ ಅಂತ ನಾನಂತೂ ಹೇಳಲ್ಲ. ನನ್ನ ಮಾತು ಇಷ್ಟೇ. ಕೈಗೆ ಕೆಲಸ, ತಲೆಗೆ ರಜೆ, ಅಂಥ ಹೊತ್ತು ಈಗಲೂ ನಮ್ಮೆಲ್ಲರ ಮನೆಯಲ್ಲಿ ಇದೆ. ಪಾತ್ರೆ ತೊಳೆಯೋದು, ಬಟ್ಟೆ ಮಡಿಸೋದು, ಅವರೆಕಾಯಿ ಸುಲಿಯೋದು. ಆ ಹೊತ್ತಿಗೆ ಸರಿಯಾಗಿ ಕಿವಿಗೆ ಇಯರ್‌ಫೋನ್ ತುರುಕಿಕೊಳ್ಳುತ್ತೀವಿ. ನಾನೂ ಅಷ್ಟೇ.

ಹನ್ನೆರಡನೇ ಶತಮಾನದ ಕದಿರ ರೆಮ್ಮವ್ವೆ ನೂಲುವವಳು. ಅವಳ ವಚನದಲ್ಲಿ ರಾಟೆಯ ಅಡಿಯ ಹಲಗೆ ಬ್ರಹ್ಮ, ತೋರಣ ವಿಷ್ಣು. ದಿನಾ ಕೈಯಾಡಿಸುತ್ತಿದ್ದ ಸಾಮಾನಿನ ಒಂದೊಂದು ಭಾಗವನ್ನೂ ಎತ್ತಿ ಹೇಳಿದಳು. ಸ್ಫೂರ್ತಿ ಹುಡುಕಿಕೊಂಡು ಬೆಟ್ಟಕ್ಕೆ ಹೋಗಿದ್ದರೆ ರಾಟೆ ಕಾಣುತ್ತಿತ್ತಾ?

ಅಡುಗೆಮನೆ ಕಿಟಕಿ

ಬೀಸುಕಲ್ಲು, ನೀವು ಬರೆದದ್ದು ಚೆನ್ನಾಗಿದೆ. ಆದರೂ ಒಂದು ಕಡೆ ಚುಚ್ಚುತ್ತೆ. ಹೆಂಗಸರಿಗೆ ತುಂಡು ಸಮಯ, ಅದಕ್ಕೆ ತಕ್ಕ ತುಂಡು ಹಾಡು, ತುಂಡು ಹೊಲಿಗೆ. ಗಂಡಸರಿಗೆ ಇಡೀ ಸಮಯ, ಇಡೀ ಕಾದಂಬರಿ. ಇದನ್ನು ಚಂದ ಅಂತ ಹೇಳಿ ಅಲ್ಲೇ ನಿಂತರೆ ಆಯ್ತಾ? ತ್ರಿವೇಣಿಯವರು ತೀರಿಕೊಂಡಾಗ ಮೂವತ್ತೈದು ತುಂಬಿರಲಿಲ್ಲ. ಅಷ್ಟರಲ್ಲಿ ಇಪ್ಪತ್ತರ ಹತ್ತಿರ ಕಾದಂಬರಿ ಬರೆದಿದ್ದರು. ಹೆಂಗಸರಿಗೂ ದೊಡ್ಡದು ಬೇಕು. "ಇರೋ ಸಮಯಕ್ಕೆ ತಕ್ಕ ಹಾಗೆ ಮಾಡಿ" ಅನ್ನೋದು ಒಳ್ಳೆ ಉಪಾಯ, ಆದರೆ ಅದನ್ನೇ ಶಾಶ್ವತ ಮಾಡಿಬಿಟ್ಟರೆ ಸಮಯ ಹಂಚಿಕೊಳ್ಳೋ ಮಾತೇ ಬರಲ್ಲ.

ಬೀಸುಕಲ್ಲು

ಒಪ್ಪಿದೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ನಿವೃತ್ತ ಗ್ರಂಥಪಾಲಕ

ಎಲ್ಲರೂ ಸಮಯ ಸಮಯ ಅಂತಿದ್ದೀರಿ. ನನ್ನ ಹತ್ತಿರ ರಾಶಿ ಇದೆ, ಬೇಕಾದರೆ ಬಂದು ತೆಗೆದುಕೊಂಡು ಹೋಗಿ.

ಕೆಲಸದಲ್ಲಿದ್ದಾಗ ರಿಟೈರ್ ಆದ ಮೇಲೆ ಬರೆಯುತ್ತೇನೆ ಅಂತ ಟಿಪ್ಪಣಿ ಮಾಡಿಟ್ಟುಕೊಂಡಿದ್ದೆ. ರಿಟೈರ್ ಆದೆ. ಬೆಳಿಗ್ಗೆ ವಾಕಿಂಗ್, ಪೇಪರ್, ತಿಂಡಿ, ಇನ್ನೊಂದು ಪೇಪರ್. ಮಧ್ಯಾಹ್ನ ಮಲಗಿ ಎದ್ದರೆ ಸಂಜೆ. ಬರೆಯಲು ಇಡೀ ದಿನ ಇದೆ ಅಂತ ಗೊತ್ತಿರುವುದರಿಂದ ಈಗಲೇ ಯಾಕೆ ಅನ್ನಿಸುತ್ತದೆ. ಲೈಬ್ರರಿಯಲ್ಲಿ ಪುಸ್ತಕ ವಾಪಸ್ ತೆಗೆದುಕೊಳ್ಳುವ ಗಡಿಬಿಡಿಯ ನಡುವೆ ಚೀಟಿಯ ಹಿಂದೆ ಗೀಚಿದ ಸಾಲುಗಳೇ ಈಗ ಬರೆದದ್ದಕ್ಕಿಂತ ಚೆನ್ನಾಗಿವೆ.

ಮಾಸ್ತಿಯವರ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ಕಟುಸತ್ಯ ಅವರು ಅರ್ಧ ಹೇಳಿದರು. ಕೆಲಸದಲ್ಲಿದ್ದಾಗ ಮಾಸ್ತಿ ಹೆಚ್ಚಾಗಿ ಬರೆದದ್ದು ಸಣ್ಣಕಥೆ, ಕವನ, ನಾಟಕ ಇಂಥವು. ಅವರು ಕೆಲಸಕ್ಕೆ ರಾಜೀನಾಮೆ ಕೊಟ್ಟದ್ದು 1943ರಲ್ಲಿ. ಎರಡು ದೊಡ್ಡ ಐತಿಹಾಸಿಕ ಕಾದಂಬರಿಗಳು ಬಂದದ್ದು ಆಮೇಲೆ. ಜ್ಞಾನಪೀಠ ತಂದುಕೊಟ್ಟ ಚಿಕವೀರ ರಾಜೇಂದ್ರನ ಕಾದಂಬರಿ 1956ರದ್ದು. ಅಂದರೆ ಅವರೂ ಕೈಯಲ್ಲಿದ್ದ ಸಮಯದ ಅಳತೆಗೆ ಒಗ್ಗುವುದನ್ನೇ ಹಿಡಿದರು ಅಂತ ನನಗೆ ಕಾಣುತ್ತದೆ. ಗವಂತಿ ಅವರು ಹೇಳಿದ್ದು ಗಂಡಸರಿಗೂ ಅನ್ವಯಿಸುತ್ತದೆ, ಅಡುಗೆಮನೆ ಅವರು ಕೋಪಿಸಿಕೊಳ್ಳಬಾರದು.

ಕಟುಸತ್ಯ

ಸರ್, ಅದು ನನಗೆ ಹೊಳೆದಿರಲಿಲ್ಲ. ಆದರೂ ದಿನಾ ಒಂದು ಪುಟ ಅನ್ನೋದನ್ನು ಬಿಡಲ್ಲ. ನಿಮಗೆ ಇಡೀ ದಿನ ಇದ್ದೂ ಆಗ್ತಿಲ್ಲ ಅಂದರೆ ಅದೇ ನನ್ನ ವಾದಕ್ಕೆ ಸಾಕ್ಷಿ.

ಅರಸೀಕೆರೆ ಪ್ಯಾಸೆಂಜರ್

ಇಷ್ಟೊಂದು ಉತ್ತರ ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಎಲ್ಲ ಓದಿದೆ.

ರೈಲಿನ ವಿಷಯ ಯೋಚಿಸುತ್ತಿದ್ದೇನೆ. ತಿಪಟೂರಿನಿಂದ ಅರಸೀಕೆರೆಗೆ ಅರ್ಧ ಗಂಟೆಯ ದಾರಿ. ಪಾಸ್ ಇರೋರದ್ದೇ ಒಂದು ಗುಂಪು, ಕ್ರಿಕೆಟ್ಟು, ರಾಜಕೀಯ, ಕೊಬ್ಬರಿ ರೇಟು. ನಿಮ್ಮ ಮಾತು ಓದಿ ಕಾದಂಬರಿ ಪಕ್ಕಕ್ಕಿಟ್ಟು ಒಂದೇ ಒಂದು ತುಂಡು ಬರೆದೆ. ಇಲ್ಲೇ ಹಾಕುತ್ತೇನೆ, ಹೇಗಿದೆ ನೋಡಿ:

"ಅಜ್ಜ ಅಟ್ಟ ಹತ್ತಿದರೆ ಕೆಳಗೆ ನಿಂತ ನಮಗೆ ಕಾಲು ಮಾತ್ರ ಕಾಣುತ್ತಿತ್ತು. ಕಾಯಿ ಅಟ್ಟಕ್ಕೆ ಹೋಗಿ ವರ್ಷ ಆಗುತ್ತಾ ಬಂದಿರುತ್ತಿತ್ತು. ಒಂದೊಂದನ್ನೇ ತೆಗೆದು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ನೀರಿನ ಸದ್ದು ಬಂದರೆ ವಾಪಸ್ ಇಡುತ್ತಿದ್ದ. ನೀರೆಲ್ಲ ಆರಿ ಗಿಟುಕು ಚಿಪ್ಪು ಬಿಟ್ಟಿದ್ದರೆ ಒಳಗೆ ಲೊಟಲೊಟ ಅನ್ನುತ್ತಿತ್ತು, ಅದನ್ನು ಕೆಳಗೆ ಎಸೆಯುತ್ತಿದ್ದ. ಕಿವಿ ಮಂದ ಆದ ಮೇಲೂ ಅಜ್ಜನೇ ಹತ್ತುತ್ತಿದ್ದ. ಅಲ್ಲಾಡಿಸಿ ನಮ್ಮ ಮುಖ ನೋಡುತ್ತಿದ್ದ. ನಾವು ಹೂಂ ಅಂದರೆ ಎಸೆಯುತ್ತಿದ್ದ."

ಇಷ್ಟೇ. ಇದು ಕಥೆನಾ ಅಲ್ವಾ ಗೊತ್ತಿಲ್ಲ.

ಪುತ್ತೂರು ಮಳೆ

ಒಳ್ಳೆಯದುಂಟು ಮಾರಾಯ್ರೆ! ಅಜ್ಜ ಮುಖ ನೋಡುವುದು ಬಂತಲ್ಲ, ಅಲ್ಲಿ ಸಿಕ್ಕಿತು. ಮಕ್ಕಳು ಬೇಕಂತಲೇ ಸುಳ್ಳು ಹೂಂ ಅಂದಿರಲೇಬೇಕು ಒಮ್ಮೆಯಾದರೂ. ಅದನ್ನು ಇನ್ನೊಂದು ದಿನ ರೈಲಿನಲ್ಲಿ ಬರೆಯಿರಿ.

ಧಾರವಾಡ ಗವಂತಿ

ಭಾಳ ಚಲೋ ಬಂದದ. ಮುಂದಿನದು ಎಲ್ಲಿಂದ ಶುರು ಮಾಡಬೇಕು ಅಂತ ಇದರೊಳಗೇ ಅದ ನೋಡ್ರಿ. ಬಿಟ್ಟ ಜಾಗ ಕಾಣಿಸುತ್ತದೆ.

ಚಲ್ಲಘಟ್ಟ ಲೈನ್

ಒಂದು ಸಣ್ಣ ತಕರಾರು. "ಲೊಟಲೊಟ" ಸರಿ ಅನ್ನಿಸಲಿಲ್ಲ. ನಮ್ಮಜ್ಜಿ ಮನೆಯೂ ಆ ಕಡೆಯೇ. ಒಣಗಿದ ಗಿಟುಕು "ಗುಡುಗುಡು" ಅನ್ನುತ್ತೆ. ಲೊಟಲೊಟ ಅನ್ನೋದು ಇನ್ನೂ ಸ್ವಲ್ಪ ನೀರಿದ್ದರೆ.

ಅರಸೀಕೆರೆ ಪ್ಯಾಸೆಂಜರ್

ನಮಸ್ಕಾರ. ಇದು ಅವರ ಹೆಂಡತಿ ಬರೆಯುತ್ತಿರೋದು, ಫೋನ್ ಚಾರ್ಜಿಗೆ ಹಾಕಿದ್ದರು, ಓದಿದೆ.

ಅಡುಗೆಮನೆ ಕಿಟಕಿ ಮೇಡಂ ಕೇಳಿದ ಪ್ರಶ್ನೆಗೆ ಇವರು ಉತ್ತರ ಕೊಟ್ಟಿಲ್ಲ, ನಾನೇ ಕೊಡುತ್ತೇನೆ. ಭಾನುವಾರ ರಾತ್ರಿ ಯೂನಿಫಾರಂ ಇಸ್ತ್ರಿ, ದೋಸೆ ಹಿಟ್ಟು, ಅತ್ತೆಗೆ ಎಣ್ಣೆ ಹಚ್ಚೋದು. ಇವರು ಕೆಟ್ಟವರೇನಲ್ಲ, ಕೇಳಿದರೆ ಮಾಡುತ್ತಾರೆ. ಕೇಳಬೇಕು, ಅದೇ ಕಷ್ಟ.

ಆದರೆ ನನ್ನದು ಇನ್ನೊಂದು ಮಾತಿದೆ. ಮದುವೆಗೆ ಮುಂಚೆ ಸಂಗೀತ ಕಲಿತಿದ್ದೆ, ಜೂನಿಯರ್ ಪರೀಕ್ಷೆ ಆಗಿತ್ತು. ಯಾರಾದರೂ ಮನೆಗೆ ಬಂದರೆ "ಅಯ್ಯೋ ಸಂಗೀತ ಬಿಟ್ಟುಬಿಟ್ಟೆಯಲ್ಲ" ಅಂತ ಮರುಗುತ್ತಾರೆ. ನಿಜ ಹೇಳಬೇಕಂದರೆ ನನಗೆ ಹಾಡಬೇಕು ಅಂತ ಏನೂ ಇಲ್ಲ. ಬಿಡುವು ಸಿಕ್ಕಿದರೆ ಸುಮ್ನೆ ಕೂರಬೇಕು ಅನ್ನಿಸುತ್ತೆ. ಹಿತ್ತಲ ಮೆಟ್ಟಿಲ ಮೇಲೆ ಕಾಫಿ ಹಿಡಿದುಕೊಂಡು, ಯಾರೂ ಏನೂ ಕೇಳದ ಹಾಗೆ. ಅದರಿಂದ ಏನೂ ಹುಟ್ಟಬೇಕಿಲ್ಲ. ಸಮಯ ಸಿಕ್ಕರೆ ಏನಾದರೂ ಮಾಡಿ ತೋರಿಸಲೇಬೇಕು ಅನ್ನೋದು ಇನ್ನೊಂದು ಕೆಲಸ ಕೊಟ್ಟ ಹಾಗೆ ಅಲ್ವಾ?

ಗುಡುಗುಡು ಸರಿ. ನಮ್ಮ ಮಾವ ಹಾಗೇ ಹೇಳುತ್ತಿದ್ದರು.

ಅಡುಗೆಮನೆ ಕಿಟಕಿ

ತಂಗೀ, ಈ ಇಡೀ ಚರ್ಚೆಯಲ್ಲಿ ಇದುವರೆಗೆ ಯಾರೂ ಹೇಳದ ಮಾತು ಹೇಳಿದಿರಿ. ನಾನೂ ಸೇರಿ. ನನಗೂ ಯಾವಾಗಲೂ ಬಿಡುವು ಅಂದರೆ ಅದರಿಂದ ಏನು ಬಂತು ಅನ್ನೋ ಲೆಕ್ಕವೇ ತಲೆಯಲ್ಲಿರುತ್ತೆ.

ನಿವೃತ್ತ ಗ್ರಂಥಪಾಲಕ

ಅಮ್ಮಾ, ಹಾಗಾದರೆ ನಾನು ಮಾಡುತ್ತಿರುವುದು ಸರಿಯೇ ಇದೆ ಅಂತಾಯಿತು. ಇನ್ನೊಂದು ಪೇಪರ್ ತರಿಸುತ್ತೇನೆ.

ಕಟುಸತ್ಯ

ಇದು ಮಾತ್ರ ನಾನು ಒಪ್ಪಲ್ಲ. ಸುಮ್ಮನೆ ಕೂರೋದು ಬೇರೆ, ಬರೆಯಬೇಕು ಅಂತ ಆಸೆ ಇದ್ದೂ ಬರೆಯದೇ ಇರೋದು ಬೇರೆ. ಮೇಡಂಗೆ ಮೆಟ್ಟಿಲ ಮೇಲೆ ಕೂರೋ ಅರ್ಧ ಗಂಟೆ ಕೊಡೋದು ಸರ್ ಕೆಲಸ. ಸರ್‌ಗೆ ರೈಲಿನ ಅರ್ಧ ಗಂಟೆ ಹೇಗೂ ಇದೆ. ಹಾಗಾಗಿ ಭಾನುವಾರ ರಾತ್ರಿ ದೋಸೆ ಹಿಟ್ಟು ಸರ್ ರುಬ್ಬಲಿ. ನೋಡಿ, ನಾನೇ ಗಂಡ ಹೆಂಡತಿ ಲೆಕ್ಕಕ್ಕೆ ಬಂದುಬಿಟ್ಟೆ.

ಮಸ್ಕತ್ ನೈಟ್ ಡ್ಯೂಟಿ

ಹಹ್ಹಾ! ರುಬ್ಬುವಾಗ ಗ್ರೈಂಡರ್ ಹತ್ತಿರವೇ ನಿಂತಿರಿ ಸರ್, ಫೋನು ಬೇಡ. ಕೈಗೆ ಕೆಲಸ, ತಲೆಗೆ ರಜೆ ಅಂತ ಬೀಸುಕಲ್ಲು ಹೇಳಿದರಲ್ಲ. ಕಾದಂಬರಿಯ ಎರಡನೇ ತಲೆಮಾರು ಅಲ್ಲೇ ಸಿಗಬಹುದು.

ಇನ್ನೊಂದು, ನಿಧಾನ ಆಯ್ತು ಅಂತ ಚಿಂತೆ ಮಾಡಬೇಡಿ. ಕಳೆದ ವರ್ಷಗಳಲ್ಲಿ ನಮಗೆಲ್ಲ ಖುಷಿ ಕೊಟ್ಟ ಸುದ್ದಿ ಅಂದರೆ 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಬಂದ ಅಂತರರಾಷ್ಟ್ರೀಯ ಬುಕರ್. ಹಾಸನದಲ್ಲಿ ವಕೀಲರು ಅವರು. ಆ ಪುಸ್ತಕದಲ್ಲಿ ಇರೋದು ಹನ್ನೆರಡು ಕಥೆ, ಬರೆದದ್ದು ಮೂವತ್ತಕ್ಕೂ ಹೆಚ್ಚು ವರ್ಷಗಳ ಉದ್ದಕ್ಕೆ. ನಿಮ್ಮ ಪಕ್ಕದ ಊರೇ ಅಲ್ವಾ?

ಅರಸೀಕೆರೆ ಪ್ಯಾಸೆಂಜರ್

(ಈಗ ನಾನೇ.) ಗ್ರೈಂಡರ್ ಬೆಲ್ಟ್ ಹೋಗಿದೆ, ನಾಳೆ ಸಂತೆಪೇಟೆಯಲ್ಲಿ ತರಬೇಕು. ಆಮೇಲೆ ರುಬ್ಬುತ್ತೇನೆ, ನಿಜವಾಗಲೂ. "ಗುಡುಗುಡು" ಅಂತ ತಿದ್ದಿದ್ದೇನೆ. ಮಕ್ಕಳ ಸುಳ್ಳು ಹೂಂ ಬರೆಯುತ್ತಿದ್ದೇನೆ, ಅರ್ಧ ಆಗಿದೆ, ಅಷ್ಟರಲ್ಲಿ ಅರಸೀಕೆರೆ ಬಂತು. ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗೆ ಕಳಿಸೋಣ ಅಂತ ಆಸೆ. ಕೈಬರಹದಲ್ಲೇ ಕಳಿಸಿದರೆ ತೆಗೆದುಕೊಳ್ಳುತ್ತಾರಾ, ಟೈಪ್ ಮಾಡಲೇಬೇಕಾ, ಯಾರಾದರೂ ಕಳಿಸಿದವರು ಹೇಳಿ.

ಗವಂತಿ ಮೇಡಂ, ನಮ್ಮ ಮಗಳು ನೀವು ಬರೆದದ್ದು ಓದಿ ಕಸೂತಿ ಕಲಿಯಬೇಕು ಅಂತ ಕೂತಿದ್ದಾಳೆ. ಆರನೇ ಕ್ಲಾಸು. ಎಲ್ಲಿಂದ ಶುರು ಮಾಡೋದು?

ಧಾರವಾಡ ಗವಂತಿ

ಮೊದಲಿಗೆ ಇಳಕಲ್ ಸೀರೆ ಕೊಡಬ್ಯಾಡ್ರಿ, ಎಳೆ ಸಣ್ಣ, ಎಣಿಸೋದು ಆಗಲ್ಲ, ಅತ್ತು ಬಿಟ್ಟುಬಿಡುತ್ತಾಳೆ. ಮ್ಯಾಟಿ ಬಟ್ಟೆ ಅಂತ ಕೇಳ್ರಿ. ಅದರಲ್ಲಿ ಎಳೆ ಚೌಕ ಚೌಕ ಕಾಣುತ್ತದೆ. ಗೋಪುರ, ಆನೆ ಅಂಬಾರಿ ಎಲ್ಲ ಆಮೇಲೆ. ಮೊದಲು ಮುರ್ಗಿಯಲ್ಲಿ ಒಂದು ಮೆಟ್ಟಿಲು ಹಾಕಲಿ, ಹೋಗಿ ವಾಪಸ್ ಬರಲಿ. ಹಿಂದಿನ ಕಡೆ ತಿರುಗಿಸಿ ನೋಡ್ರಿ, ಮುಂದಿನ ಹಾಗೇ ಇದ್ದರೆ ಬಂತು ಅಂತ. ಇಲ್ಲದಿದ್ದರೆ ಬಿಚ್ಚಿಸಬ್ಯಾಡ್ರಿ, ಪಕ್ಕದಲ್ಲೇ ಇನ್ನೊಂದು ಹಾಕಲಿ. ಫೋಟೋ ಇಲ್ಲೇ ಹಾಕಿದರೆ ನಾನು ನೋಡಿ ಹೇಳುತ್ತೇನೆ.